ನಾಲ್ಕನೇ ವಿಳಾಸ

ನನಗೆ ಮೊದಲಿನಿಂದಲೂ ಒಂದು ಚಾಳಿ. ಯಾವ ಇಮೇಲ್ ಆಗಲಿ, ಕಳಿಸುವ ಮುಂಚೆ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಬರೆದು, ಅದು ಯಾರ್ಯಾರಿಗೆ ಹೋಗುತ್ತದೆ ಎಂಬ ಪಟ್ಟಿ ತೆಗೆದು ನೋಡುತ್ತೇನೆ. ಕಲಿಸಿದವಳು ಅಕ್ಕ. ಇದೇ ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಅವಳದಾಗಿತ್ತು. ಅವಳು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ಇಮೇಲ್ ವಿಳಾಸವನ್ನು ನಾನೇ ಮುಚ್ಚಿಸಿದ್ದೆ.

ಆ ಮಧ್ಯಾಹ್ನ ನಾನು ಬರೆದದ್ದು ತಂದೆಯೂ ಇಲ್ಲದ ಅವಳ ಮಗಳನ್ನು ಹಾಸ್ಟೆಲ್‌ಗೆ ಸೇರಿಸಲು ಒಪ್ಪಿಗೆ ಪತ್ರ. ಅಣ್ಣ, ಅಕ್ಕನ ಅತ್ತೆ, ವಾರ್ಡನ್, ಈ ಮೂವರಿಗೆ. ಪಟ್ಟಿಯಲ್ಲಿ ನಾಲ್ಕು ವಿಳಾಸಗಳಿದ್ದವು. ಕೊನೆಯದು ಅಕ್ಕನದು.

ಪತ್ರ ತೆರೆದು ನೋಡಿದೆ. ಅದರಲ್ಲಿ ಮೂರೇ. ಮತ್ತೆ ಪಟ್ಟಿ ತೆಗೆದರೆ ಅಕ್ಕನ ವಿಳಾಸ ಎರಡನೆಯ ಸಾಲಿಗೆ ಬಂದಿತ್ತು. ಮೂರನೆಯ ಸಲ, ಎಲ್ಲರಿಗಿಂತ ಮೇಲೆ. ಬೆರಳಿನಡಿ ಎಂಟರ್ ಕೀಲಿಯೊಂದೇ ಐಸಿನಂತೆ ತಣ್ಣಗಿತ್ತು.

ಎದುರು ಮೇಜಿನ ಗೆಳತಿ ಬಗ್ಗಿ ನೋಡಿದಳು. "ಯಾವುದೋ ಹಳೇ ವಿಳಾಸ ಸಿಕ್ಕಾಕೊಂಡಿದೆ ಕಣೇ. ನೀನೋ, ಬೀಗ ಹಾಕಿದ್ಮೇಲೂ ಹತ್ತು ಸಲ ಎಳೆದು ನೋಡೋಳು! ಸುಮ್ನೆ ಕಳಿಸು, ಅದು ವಾಪಸ್ ಬರುತ್ತೆ."

ಕಳಿಸಿದೆ. ಮುಚ್ಚಿದ ವಿಳಾಸಕ್ಕೆ ಹೋದದ್ದು ನಿಮಿಷದೊಳಗೆ ವಾಪಸ್ ಬರಬೇಕು. ಬರಲಿಲ್ಲ. ಸಂಜೆಯವರೆಗೆ ಕಾದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿ, "ಮಗು ನನ್ನ ಹತ್ರಾನೇ ಇರ್ಲಿ ಅಣ್ಣ" ಎಂದೆ.

ಈಗ ಅಕ್ಕನ ಮಗಳು ನನ್ನ ಜೊತೆಗಿದ್ದಾಳೆ. ಪರೀಕ್ಷಿಸಲೆಂದು ಅಕ್ಕನ ವಿಳಾಸಕ್ಕೆ ಖಾಲಿ ಇಮೇಲ್‌ಗಳನ್ನು ಎಷ್ಟೋ ಸಲ ಕಳಿಸಿದ್ದೇನೆ. ಎಲ್ಲವೂ ವಾಪಸ್ ಬಂದಿವೆ. ಆ ಪತ್ರ ಮಾತ್ರ ಇನ್ನೂ ಬಂದಿಲ್ಲ.