ಅದಲುಬದಲಾದ ಕೌದಿ

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಶಿಕಾರಿಪುರ ಠಾಣೆಗೆ ಬಂದ ರಾಹುಲ್‌ನ ಕೈಯಲ್ಲಿ ದೊಡ್ಡ ಗಂಟಿತ್ತು. ಊರಿನ ಉಡುಪು ಮತ್ತು ನೇಯ್ಗೆ ಸಂಗ್ರಹಾಲಯದ ಮೇಲ್ವಿಚಾರಕ ಆತ. ಗಂಟು ಬಿಚ್ಚಿ, ಹಳೆ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿಯೊಂದನ್ನು ಮೇಜಿನ ಮೇಲೆ ಹರಡಿದ.

"ಇದು ಕಳುವಾಗಿದೆ ಸರ್."

ಇನ್ಸ್‌ಪೆಕ್ಟರ್ ಮಾಸ್ತಪ್ಪ ಕೌದಿ ನೋಡಿದರು, ಅವನ ಮುಖ ನೋಡಿದರು. "ಇಲ್ಲೇ ಐತಲ್ರೀ?"

"ಇದು ನಕಲು. ದೂಳು ಕೊಡವೋಕೆ ಗೋಡೆಯಿಂದ ಇಳಿಸಿದಾಗ ಗೊತ್ತಾಯ್ತು. ಅಸಲಿ ಹೊದ್ದು ಹೊದ್ದು ಮೆತ್ತಗಾಗಿತ್ತು. ಇದು ಬಿರುಸಾಗಿದೆ, ದಾರ ಹೊಸದು."

ಹೆಡ್ ಕಾನ್‌ಸ್ಟೆಬಲ್ ಸುಷ್ಮಿತಾ ದೂರು ಬರೆದುಕೊಂಡರು. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸಂಗ್ರಹಾಲಯದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಅಲುಗಾಡಿರಲಿಲ್ಲ. ಕ್ಯಾಮೆರಾದಲ್ಲಿ ಉಳಿಯುತ್ತಿದ್ದದ್ದು ಒಂದು ವಾರದ ಚಿತ್ರ. ಅದರಲ್ಲಿ ಏನೂ ಇರಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಶಿವಮೊಗ್ಗದ ಒಬ್ಬ ಬೊಟಿಕ್‌ನವರು ಮತ್ತೆಮತ್ತೆ ಬಂದು ಇದರ ಫೋಟೊ ತೆಗೀತಿದ್ರು."

ಸುಷ್ಮಿತಾ ನಕಲಿ ಕೌದಿಯನ್ನು ಮಗುಚಿ ಹಾಕಿದರು. ಹಿಂಬದಿಯ ಮೂಲೆಯಲ್ಲಿ ಕೆಂಪು ರವಿಕೆ ಬಟ್ಟೆಯ ತೇಪೆ. ಅಸಲಿಗೂ ಇದಿತ್ತೇ ಎಂದಾಗ ರಾಹುಲ್ ಕೌದಿ ಬಂದ ದಿನ ತೆಗೆದಿದ್ದ ಫೋಟೊ ತೋರಿಸಿದ. ಅದೇ ಮೂಲೆ, ಅದೇ ಕೆಂಪು.

"ಗೋಡೆ ಮೇಲಿದ್ದಾಗ ಹಿಂಬದಿ ಕಾಣ್ತಿತ್ತಾ?" ಮಾಸ್ತಪ್ಪ ಕೇಳಿದರು.

"ಇಲ್ಲ ಸರ್."

"ಈ ಫೋಟೊ ಯಾರ್ಯಾರ ಹತ್ರ ಐತಿ?"

"ನನ್ನ ಹತ್ರ ಮಾತ್ರ." ಹೇಳಿದ ಮೇಲೆ ಆ ಮಾತಿನ ಅರ್ಥ ಹೊಳೆದು ರಾಹುಲ್ ಬೆವೆತ.

"ಹೇಳದೆ ಊರು ಬಿಡಬ್ಯಾಡ್ರಿ," ಎಂದರು ಮಾಸ್ತಪ್ಪ. ಅವನನ್ನು ಬಿಟ್ಟರೆ ಹಿಂಬದಿ ಕಂಡಿದ್ದವರು ಕೌದಿ ಬಂದ ಮನೆಯವರು ಮಾತ್ರ. ಗೋಡೆಯ ಚೀಟಿಯಲ್ಲಿ 'ಹೊಸಬಾಳೆಯ ಮಹಾಂತೇಶ ಅವರ ತಾಯಿ ಹೊಲಿದ ಕೌದಿ' ಎಂದಿತ್ತು.

ಮರುದಿನ ಹೊಸಬಾಳೆಯಲ್ಲಿ ಮಹಾಂತೇಶ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದ.

"ನಮ್ಮಮ್ಮ ಹೊಲಿದಿದ್ದು ರೀ. ತೀರಿಕೊಂಡ್ರು."

"ಹಿಂದ್ಗಡೆ ತೇಪೆ ಯಾವ ಬಣ್ಣದ್ದು?"

ಅವನು ಒಳಗೆ ಹೆಂಡತಿಯ ಕಡೆ ನೋಡಿದ. "ತೇಪೆಯಾ? ಅದೆಲ್ಲ ನಂಗೊತ್ತಿಲ್ಲ."

ಅವನು ಏನನ್ನೋ ಮುಚ್ಚಿಡುತ್ತಿದ್ದ. ಪಕ್ಕದ ಮನೆಯ ಬಸಕ್ಕ ಅದನ್ನು ಹೊರಗೆಡವಿದಳು.

"ಅವನಮ್ಮ ಸೂಜಿ ಹಿಡಿದಿದ್ದೇ ನಾ ಕಾಣೆ. ಹೊಲಿದವಳು ಮೊದಲ್ನೇ ಹೆಂಡ್ತಿ ಸ್ಪಂದನ. ಬಸುರೀಲಿ ಈ ಜಗಲಿ ಮೇಲೇ ಕೂತು ಹೊಲಿದ್ಲು. ತಂಗಿ ದಿವ್ಯನೂ ಬಂದು ಕೈ ಜೋಡಿಸ್ತಿದ್ಲು."

"ಸ್ಪಂದನ ಎಲ್ಲಿದ್ದಾರೆ?"

"ಜ್ವರ ಬಂದು ಹೋದ್ಲು, ಪಾಪ. ಇವನು ಇನ್ನೊಂದು ಮದುವೆಯಾದ. ಮಗಳನ್ನ ಶಿರಾಳಕೊಪ್ಪಕ್ಕೆ, ದಿವ್ಯನ ಹತ್ರ ಕಳಿಸಿಬಿಟ್ಟ."

ಸುಷ್ಮಿತಾ ಅಲ್ಲಿಂದಲೇ ರಾಹುಲ್‌ಗೆ ಫೋನ್ ಮಾಡಿದರು. "ದಿವ್ಯ ಅನ್ನೋರು ಗೊತ್ತಾ?"

"ಗೊತ್ತು ಮೇಡಂ. ಬಟ್ಟೆಗಳಿಗೆ ಗವಸು ಹೊಲಿಯೋಕೆ ಹೋದ ತಿಂಗಳು ಬರ್ತಿದ್ರು."

"ನಿನ್ನೆ ಯಾಕೆ ಹೇಳಲಿಲ್ಲ?"

"ಅವರನ್ನ ಲೆಕ್ಕಕ್ಕೇ ಹಿಡೀಲಿಲ್ಲ."

ಶಿರಾಳಕೊಪ್ಪದ ಮನೆಯ ಮುಂದಿನ ಕೋಣೆಯಲ್ಲಿ ದಿವ್ಯ ರವಿಕೆ ಹೊಲಿಯುತ್ತಿದ್ದಳು. ಜೀಪು ಕಂಡು ಮಷೀನು ನಿಲ್ಲಿಸಿದಳು.

"ಕೌದಿ ಎಲ್ಲೈತಮ್ಮಾ?" ಎಂದರು ಮಾಸ್ತಪ್ಪ.

ಅವಳು ಇಲ್ಲವೆನ್ನಲಿಲ್ಲ. ಒಳಗಿನ ಮಂಚದ ಮೇಲೆ, ಸಣ್ಣ ದಿಂಬಿನ ಪಕ್ಕ, ಅದನ್ನು ಮಡಿಸಿಟ್ಟಿತ್ತು.

"ಕೇಳಬಹುದಿತ್ತಲ್ಲ?" ಎಂದರು ಸುಷ್ಮಿತಾ.

"ಭಾವನ್ನ ಕೇಳಿದೆ ರೀ. ಕೊಟ್ಟದ್ದು ವಾಪಸ್ ಕೇಳಿದ್ರೆ ಮರ್ಯಾದಿ ಹೋಗ್ತದೆ ಅಂದ. ಚೀಟಿ ಮ್ಯಾಲೆ ನಮ್ಮಕ್ಕನ ಹೆಸರೇ ಇಲ್ಲ. ಮ್ಯೂಸಿಯಂನೋರ ಮುಂದೆ ಯಾವ ಬಾಯಲ್ಲಿ ನಮ್ದು ಅನ್ಲಿ?"

"ಅದಕ್ಕೇ ನಕಲು ಹೊಲಿದ್ಯಾ?"

"ಕದಿಯಾಕೆ ಹೊಲೀಲಿಲ್ಲ." ದಿವ್ಯಳ ದನಿ ಮೊದಲ ಸಲ ಏರಿತು. "ಮಗೀಗೆ ಅಂತ ಹೊಲಿದೆ. ಅವ್ವನ ಕೌದಿ ಬೇಕು ಅಂತ ಒಂದೇ ಸಮ ಹಟ. ಅಕ್ಕನ ಸೀರೆ ನನ್ನ ಹತ್ರ ಇದ್ವು. ತೇಪೆ ಸಮೇತ ಹಂಗೇ ಹೊಲಿದು ಹೊದಿಸಿದೆ. ಮೂಗಿಗೆ ಹಿಡ್ಕೊಂಡು ನೋಡಿ, 'ಚಿಕ್ಕಮ್ಮಾ, ಇದು ನಿಂದು' ಅಂದ್ಲು."

ಆಮೇಲೆ ಗವಸುಗಳ ಗಂಟಿನಲ್ಲಿ ನಕಲನ್ನು ಒಯ್ದು, ಗೋಡೆಗೆ ಹಾಕಿ, ಅಸಲಿಯನ್ನು ತಂದಿದ್ದಳು.

ಇಬ್ಬರು ಪಂಚರ ಎದುರು ಜಪ್ತಿ ಪಂಚನಾಮೆ ಬರೆದು, ಕೌದಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಸುಷ್ಮಿತಾ ಬಂಧನದ ಕಾರಣ ಓದಿ ಹೇಳಿ ಸಹಿ ಪಡೆದರು. ದಿವ್ಯ ಗಡಿಯಾರ ನೋಡಿದಳು.

"ಸ್ಕೂಲ್ ಬಿಡೋದ್ರೊಳಗೆ ಹೋಗಾನ ರೀ. ಅವಳ ಮುಂದೆ ಬ್ಯಾಡ."

ಬಾಗಿಲಲ್ಲಿ ಅವಳ ತಾಯಿ ಗುಡ್ಡಮ್ಮ ಸೆರಗು ಹಿಡಿದು ನಿಂತಿದ್ದಳು. "ಮಗೀಗೆ ಏನಂತ ಹೇಳ್ಲಿ?"

"ತೊಳೆಯಾಕೆ ಹಾಕೇವಿ ಅನ್ನು," ಎಂದ ದಿವ್ಯ ಎರಡು ಹೆಜ್ಜೆ ಇಟ್ಟು ನಿಂತಳು. "ಬ್ಯಾಡಬೇ. ತೊಳೆದ್ರೆ ಅವ್ವನ ವಾಸನೆ ಹೋಗ್ತದೆ ಅಂತ ಅಳ್ತಾಳೆ. ಪೊಲೀಸರು ಜೋಪಾನವಾಗಿ ಇಟ್ಟಾರೆ ಅನ್ನು."

ಕಾನ್‌ಸ್ಟೆಬಲ್ ಗಂಟನ್ನು ಜೀಪಿನ ಹಿಂದಕ್ಕೆ ಹಾಕಲು ಹೋದ. ಮಾಸ್ತಪ್ಪ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು.