ಓರೆಯಾಗಿ ಕೊಯ್ದ ಹರಳು

ಕಾಫಿ ತಟ್ಟೆ ಹಿಡಿದು ಚಾವಡಿಗೆ ಬಂದ ಸೌಮ್ಯಶ್ರೀ ತಲೆಯೆತ್ತಿದಳು... ಹೆಣ್ಣು ನೋಡಲು ಬಂದು ಕೂತಿದ್ದವನು...

ಕೌಶಲ್!

ಹುಡುಗ ಬೀಜಾಡಿಯ ಶೇಖರ ಶೆಟ್ಟರ ಮಗ, ಹೋಟೆಲ್ ನೋಡಿಕೊಂಡಿದ್ದಾನೆ ಎಂದಷ್ಟೇ ಅಮ್ಮ ಸರಸ ಹೇಳಿದ್ದು. ಫೋಟೋ ತೋರಿಸಲು ಬಂದಾಗ ಮುಖ ತಿರುಗಿಸಿದವಳು ಇವಳೇ. ಈಗ ಅನುಭವಿಸಲಿ!

ಎರಡು ವರ್ಷದ ಹಿಂದೆ ಇಬ್ಬರದೂ ಒಂದೇ ಪ್ರಯೋಗಾಲಯ. ಅವನು ಕುಲುಮೆಯಲ್ಲಿ ಹರಳು ಬೆಳೆಸುತ್ತಿದ್ದ, ಅವಳು ಕೊಯ್ದು ಅಳೆಯುತ್ತಿದ್ದಳು. ವಿಚಿತ್ರ ಹರಳದು. ಒಳಗೆ ವಿದ್ಯುತ್ ಹರಿಯುವುದಿಲ್ಲ, ಮೇಲ್ಮೈಯಲ್ಲಿ ಮಾತ್ರ ಎಲೆಕ್ಟ್ರಾನುಗಳು ಸಲೀಸಾಗಿ ಓಡುತ್ತವೆ. ಅದೂ ಎಲ್ಲ ಮುಖಗಳಲ್ಲಲ್ಲ. ಪರಮಾಣುಗಳ ಜೋಡಣೆ ಕನ್ನಡಿಯ ಬಿಂಬದಂತೆ ಎಡಕ್ಕೂ ಬಲಕ್ಕೂ ಹೊಂದುವ ಮುಖದಲ್ಲಿ ಮಾತ್ರ. ಆ ಹೊಂದಿಕೆಯೇ ಅವುಗಳಿಗೆ ಕಾವಲು.

ಅವಳು ಅಳೆದಾಗ ಆ ಓಟ ಕಾಣಲೇ ಇಲ್ಲ. ಪ್ರಯೋಗಾಲಯದ ತುಂಬಿದ ಸಭೆಯಲ್ಲಿ ಸೌಮ್ಯಶ್ರೀ, "ಕೌಶಲ್ ಬೆಳೆಸಿದ ಹರಳೇ ಕಳಪೆ" ಎಂದುಬಿಟ್ಟಳು. ಅವನು ಎದ್ದು ಹೋಗಿ ಕುಲುಮೆ ಆರಿಸಿದ. ಆ ತಿಂಗಳೇ ಸಂಶೋಧನೆ ಬಿಟ್ಟು ಹೋದ.

ಆಮೇಲೆ ಗೊತ್ತಾಯಿತು, ಹರಳನ್ನು ಓರೆಯಾಗಿ ಕೊಯ್ದವಳು ಅವಳೇ. ಹೊಂದಿಕೆ ಮುರಿದ ಮುಖವನ್ನು ಅಳೆದಿದ್ದಳು! ಉಳಿದ ತುಂಡನ್ನು ಸರಿಯಾಗಿ ಕೊಯ್ದರೆ ಎಲ್ಲವೂ ಇತ್ತು. ಬಾಯಿ ಬಿಡಲು ಮಾತ್ರ ಧೈರ್ಯ ಬರಲಿಲ್ಲ. ಮನಸ್ಸಲ್ಲೇ ಪ್ರೀತಿಸಿದವನ ಹೆಸರಿಗೆ ಮಸಿ ಬಳಿದು ಸುಮ್ಮನಿದ್ದೆನಲ್ಲ... ಆ ನಾಚಿಕೆ ದಿನವೂ ಅವಳನ್ನು ತಿನ್ನುತ್ತಿತ್ತು.

"ಇಬ್ರೂ ಹೊರಗೆ ಮಾತಾಡ್ಕಂಡ್ ಬನ್ನಿ" ಎಂದರು ಶೆಟ್ಟರು.

ಅಂಗಳದಲ್ಲಿ ಅವಳೇ ಕೇಳಿದಳು. "ಹುಡುಗಿ ನಾನಂತ ಗೊತ್ತಿತ್ತಾ?"

"ಗೊತ್ತಿದ್ದೇ ಬಂದದ್ದ್." ಅವನು ನೆಲ ನೋಡಿದ. "ನನ್ನ ಹರಳಿಂದ ನಿಮ್ಮ ಕೆಲ್ಸ ಹಾಳಾಯ್ತಲೆ... ಒಂದ್ಸಲ ಕ್ಷಮೆ ಕೇಂಬ ಅಂದೇಳಿ."

ಅಯ್ಯೋ... ಕ್ಷಮೆ ಇವನು ಕೇಳುವುದಾ! ನಿಂತಲ್ಲೇ ಕುಗ್ಗಿಹೋದಳು. ಸುಮ್ಮನಿದ್ದರೆ ಮದುವೆಯಾಗುತ್ತದೆ. ಹೇಳಿದರೆ ಇವನು ಬಿಟ್ಟು ಹೋಗುತ್ತಾನೆ.

"ಹರಳ್ ಸರಿ ಇದ್ದಿತ್ತ್, ಕೌಶಲ್. ಓರೆ ಕೊಯ್ದದ್ದ್ ನಾನ್. ಗೊತ್ತಾದ್ಮೇಲೂ ಯಾರಿಗೂ ಹೇಳ್ಲಿಲ್ಲ."

ಅವನ ಮುಖ ಬಿಳಿಚಿತು. "ನನ್ನ ಕೈಯೇ ಸರಿ ಇಲ್ಲ ಅಂದ್ಕಂಡ್ ಕುಲುಮೆ ಬದಿಗೇ ಹೋಯ್ಲಿಲ್ಲ ನಾನ್! ಅಪ್ಪಯ್ಯನಿಗೂ ಹಾಂಗೇ ಹೇಳಿದ್ದೆ..."

ಮಾತು ಮುಗಿಸದೆ ಗೇಟಿನತ್ತ ನಡೆದ.

ಅವಳು ತಡೆಯಲಿಲ್ಲ. ಸೀದಾ ಚಾವಡಿಗೆ ಹೋಗಿ, ಎಲ್ಲರೆದುರು ಪ್ರೊಫೆಸರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಸರ್, ಕೌಶಲ್ ಹರಳಿನಲ್ಲಿ ದೋಷ ಇರಲಿಲ್ಲ. ತಪ್ಪು ನನ್ನದು. ಮುಚ್ಚಿಟ್ಟವಳೂ ನಾನೇ."

ಆ ಕಡೆ ಪ್ರೊಫೆಸರ ದನಿ ಗಡುಸಾಯಿತು. "ನಿನ್ನ ಪಿಎಚ್‌ಡಿಗೇ ಕುತ್ತು ಬರಬಹುದು, ಗೊತ್ತಲ್ಲ?"

"ಗೊತ್ತು ಸರ್. ಅದೇ ಸಭೆಯಲ್ಲಿ ನಾನೇ ಎದ್ದು ಹೇಳ್ತೇನೆ."

"ಎಂತ ಹೆಣ್ಣೇ ಇದ್? ಬಂದವರೆದ್ರು ಮರ್ಯಾದಿ ತೆಗಿತ್ಯಾ?" ಸರಸ ತಲೆ ಚಚ್ಚಿಕೊಂಡರು.

ಶೆಟ್ಟರು ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದರು. "ಕೈಲಾಗದವ ಅಂದೇಳಿ ನಾನೇ ಎಷ್ಟ್ ಬೈದೆ ಮಗಾ ನಿಂಗೆ..."

ಸ್ಪೀಕರಿನ ಮಾತು ಕೇಳಿ ಗೇಟಿನಿಂದ ತಿರುಗಿ ಬಂದ ಕೌಶಲ್ ಬಾಗಿಲಲ್ಲಿ ನಿಂತಿದ್ದ. ಕಣ್ಣು ಒದ್ದೆ.

"ನೀವ್ ಬೇಕಾರೆ ಈಗ ಹೋಯ್ಲಕ್ಕ್" ಎಂದಳು ಅವಳು, ತಲೆ ತಗ್ಗಿಸಿಯೇ.

"ಸಿಟ್ಟ್ ಇನ್ನೂ ಹೋಯ್ಲಿಲ್ಲ" ಎಂದ ಅವನು.

"ಇರ್ಲಿ..."

"ಒಟ್ಟಿಗೆ ಕೆಲ್ಸ ಮಾಡುವಾಗಿಂದ ನಿಮ್ಮ ಮೇಲೆ ಪ್ರೀತಿನೂ ಇತ್ತ್. ಅದೂ ಹೋಯ್ಲಿಲ್ಲ."

ಅವಳ ಕಣ್ಣೀರು ಕೆನ್ನೆಗಿಳಿಯಿತು. "ನಿಮ್ಮ ಮುಖ ನೋಡೂಕೆ ನಾಚ್ಕಿ ಆತ್ತ್ ನಂಗೆ..."

ಕೌಶಲ್ ಅವಳೆದುರು ನೆಲದ ಮೇಲೆ ಕುಳಿತೇಬಿಟ್ಟ.

"ಅವಸರ ಇಲ್ಲ. ನೀವ್ ನನ್ನ ಮುಖ ನೋಡುವ ತನಕ ನಾನ್ ಇಲ್ಲೇ ಕೂಕಂತೆ."