ಶನಿವಾರದ ಮೇಷ್ಟ್ರು

"ಯಾರ್ರೀ ನೀವು? ಯಾರನ್ನ ಕೇಳಿ ನನ್ನ ಮಕ್ಕಳನ್ನ ಓಡಿಸ್ತಿದ್ದೀರಿ?"

ಸುಧಾಳ ದನಿಗೆ ಮೈದಾನವೆಲ್ಲ ಒಮ್ಮೆಲೇ ತಣ್ಣಗಾಯಿತು. ಸಾಲಾಗಿ ಕೂತಿದ್ದ ಮಕ್ಕಳು ಕೂತಲ್ಲೇ ಉಳಿದರು. ಕೊರಳಿಗೆ ಸೀಟಿ ನೇತುಹಾಕಿಕೊಂಡಿದ್ದ ಆ ಎತ್ತರದ ಯುವಕ ನಿಧಾನವಾಗಿ ತಿರುಗಿದ.

ಕಣ್ಣಿಗೆ ಕಣ್ಣು ಕೂಡಿತು... ಸುಧಾ ನೋಟ ಕದಲಿಸಲಿಲ್ಲ. ಅವನೂ ಅಷ್ಟೇ!

"ನಾನು ಧರ್ಮೇಂದ್ರ. ಹ್ಯಾಂಡ್‌ಪೋಸ್ಟ್ ಸರ್ಕಲಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಕೊಂಡಿದ್ದೀನಿ. ಕಾಲೇಜಲ್ಲಿ ಖೋಖೋ ಆಡ್ತಿದ್ದೆ. ನಿಮ್ಮ ಪ್ರಧಾನಮಂತ್ರಿಗಳೇ ಫೋನ್ ಮಾಡಿ ಕರ್ಸಿದ್ರು."

"ಪ್ರಧಾನಮಂತ್ರಿಗಳಾ?!"

ಸಾಲಿನ ಕೊನೆಯಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಆರನೇ ಕ್ಲಾಸಿನ ರಮ್ಯಾ. ಹೋದ ತಿಂಗಳಷ್ಟೇ ಶಾಲೆಯ ಮಕ್ಕಳ ಸಂಸತ್ತಿಗೆ ಮತ ಹಾಕಿಸಿಕೊಂಡು ಗೆದ್ದು ಪ್ರಧಾನಿಯಾದವಳು.

"ಮಿಸ್, ನಮ್ ಸ್ಕೂಲಿಗೆ ಪೀಟಿ ಮೇಷ್ಟ್ರಿಲ್ಲ, ಯಾರನ್ನಾದ್ರೂ ಹುಡುಕ್ಬೇಕು ಅಂತ ಸಂಸತ್ತಲ್ಲಿ ತೀರ್ಮಾನ ಆಯ್ತಲ್ಲ. ಬರೀ ತೀರ್ಮಾನ ಮಾಡಿದ್ರೆ ಸಾಲ್ದು, ಮಾಡಿ ತೋರಿಸ್ಬೇಕು ಅಂತ ನೀವೇ ಅಂದ್ರಿ. ಇವ್ರು ಖೋಖೋ ಆಡೋರು ಅಂತ ನಮ್ಮಜ್ಜಿ ಅಂದ್ರು, ಅದ್ಕೇ ಅವರ ಫೋನಿಂದ ಮಾಡ್ದೆ."

ಸುಧಾಳಿಗೆ ಸಿಟ್ಟು ಬರಬೇಕಿತ್ತು. ಆದರೆ ಎದೆಯೊಳಗೆ ಉಬ್ಬಿ ಬಂದಿದ್ದು ಹೆಮ್ಮೆ!

ಆದರೂ ಬಿಟ್ಟುಕೊಡದೆ ಅವನನ್ನೇ ಗದರಿದಳು. "ಮಗು ಕರೆದ್ರೆ ಬಂದ್ಬಿಡೋದಾ? ಹೆಡ್‌ಮಾಸ್ಟರನ್ನ ಒಂದು ಮಾತು ಕೇಳ್ಬಾರ್ದಾ?"

"ತಪ್ಪಾಯ್ತು ಮಿಸ್. ಆದ್ರೆ 'ಪ್ರಧಾನಿ ಮಾತಾಡ್ತಿರೋದು' ಅಂದ್ಮೇಲೆ, ಇಲ್ಲ ಅನ್ನೋಕೆ ನಂಗೆ ಧೈರ್ಯ ಬರ್ಲಿಲ್ಲ ಕಣ್ರೀ!"

ಮಕ್ಕಳೆಲ್ಲ ಗೊಳ್ಳೆಂದರು. ಸುಧಾ ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

ಹೆಡ್‌ಮಾಸ್ಟರ್ ಗುರುಮಲ್ಲಪ್ಪನವರು ಅಂದೇ ಒಪ್ಪಿಗೆ ಕೊಟ್ಟರು. ಬೀಚನಹಳ್ಳಿ ರಸ್ತೆಯ ಆ ಪುಟ್ಟ ಸರ್ಕಾರಿ ಶಾಲೆಗೆ ಹೀಗೆ ಒಬ್ಬ ಶನಿವಾರದ ಮೇಷ್ಟ್ರು ಸಿಕ್ಕಿದ.

ಸುಧಾ ಹುಣಸೂರು ಕಡೆಯವಳು. ಕಟ್ಟೆಮಳಲವಾಡಿಯಲ್ಲಿ ಅಪ್ಪ ಸಣ್ಣಬೀರಯ್ಯ ಹೊಗೆಸೊಪ್ಪು ಬೆಳೆಯುವ ರೈತ. ಕೋಟೆ ಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಶಾಲೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಹಳ್ಳಿ ಮಕ್ಕಳು ಎದ್ದು ನಿಂತು ಮಾತಾಡಬೇಕು, ಕೇಳಬೇಕು... ಅದೇ ಅವಳ ಹಟ. ಮಕ್ಕಳ ಸಂಸತ್ತು ಅವಳು ಕಟ್ಟಿದ್ದು.

ಧರ್ಮೇಂದ್ರನ ಜೊತೆ ಮೊದಲ ಜಗಳವೂ ಅದರಿಂದಲೇ ಆಯಿತು.

ಹುಡುಗಿಯರ ತಂಡಕ್ಕೆ ಎಲ್ಲರಿಗಿಂತ ಜೋರಾಗಿ ಓಡುವವಳನ್ನು ಅವನು ನಾಯಕಿ ಮಾಡಿಬಿಟ್ಟಿದ್ದ.

"ನೀವ್ಯಾರು ಆರಿಸೋಕೆ? ಮಕ್ಕಳು ಆರಿಸ್ಲಿ," ಎಂದಳು ಸುಧಾ.

"ಆಟ ಬೇರೆ, ಸಂಸತ್ತು ಬೇರೆ ಮಿಸ್!"

"ಯಾರ ಮಾತು ಕೇಳ್ಬೇಕು ಅನ್ನೋದು ಆಡೋರಿಗೆ ಗೊತ್ತಿರುತ್ತೆ. ಒಂದ್ಸಲ ಬಿಟ್ಟು ನೋಡಿ."

ಮಕ್ಕಳು ಆರಿಸಿದ್ದು ರಮ್ಯಾಳನ್ನು. ಓಟದಲ್ಲಿ ಅವಳು ಹಿಂದೆ. ಆದರೆ ಔಟಾಗಿ ಅಳುತ್ತ ಕೂತವರ ಹೆಗಲ ಮೇಲೆ ಕೈ ಹಾಕಿ ಮತ್ತೆ ಕಣಕ್ಕೆ ಕಳಿಸುವವಳು ಅವಳೇ. ಎರಡು ವಾರದಲ್ಲಿ ತಂಡದ ಆಟದ ಗತ್ತೇ ಬದಲಾಯಿತು.

"ಸೋತೆ ಮಿಸ್," ಎಂದ ಧರ್ಮೇಂದ್ರ, ಸ್ವಲ್ಪವೂ ಬೇಸರವಿಲ್ಲದೆ. "ನಿಮ್ಮತ್ರ ಸೋಲೋದು ಏನೋ ಚೆನ್ನಾಗಿದೆ."

ಅವಳ ಕೆನ್ನೆ ಬಿಸಿಯಾಯಿತು. 'ಇದೇನಾಯ್ತು ನನಗೆ? ಶನಿವಾರ ಬಂದ್ರೆ ಸೀರೆ ಆರಿಸೋಕೆ ಯಾಕಿಷ್ಟು ಹೊತ್ತು ಬೇಕು?'

ಪಕ್ಕದ ಹೋಬಳಿಯಲ್ಲಿ ನಡೆದ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಹುಡುಗಿಯರು ಗೆದ್ದೇಬಿಟ್ಟರು! ಕೂಗಿ ಕೂಗಿ ಧರ್ಮೇಂದ್ರನ ಗಂಟಲು ಕಟ್ಟಿತ್ತು. ಅಂದು ಸಂಜೆ ಬಸ್ಸು ಬರಲಿಲ್ಲ. ಮಕ್ಕಳನ್ನೆಲ್ಲ ಟೆಂಪೋದಲ್ಲಿ ಊರಿಗೆ ಕಳಿಸಿದ ಮೇಲೆ ಅವನು ಸುಧಾಳನ್ನು ಬೈಕಿನಲ್ಲಿ ಮನೆ ತಲುಪಿಸಿದ.

ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಅನ್ನಿಸಿತ್ತು, ಇಬ್ಬರಿಗೂ...

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಸುಧಾ ಫೋನ್ ಮಾಡಿದಳು.

"ಅಂಗಡೀಲಿ ಕೆಲಸ ಜಾಸ್ತಿ ಮಿಸ್. ಇನ್ನು ಬರೋಕಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳಿ."

ಅಷ್ಟೇ. ಫೋನ್ ಕಟ್ಟಾಯಿತು.

'ಇಷ್ಟೇನಾ? ಗೆದ್ದಾಯ್ತು, ಆಟ ಮುಗೀತು ಅಂತಲಾ? ಆ ಮಕ್ಕಳ ಮುಖ ನೆನಪಾಗಲಿಲ್ವಾ? ನನ್ನ ಮುಖ...?'

ಕಣ್ಣು ತುಂಬಿ ಬಂತು. ಒರೆಸಿಕೊಂಡಳು. ಸೋಮವಾರದ ಪ್ರಾರ್ಥನೆಗೆ ಎಂದಿನಂತೆ ತಲೆಯೆತ್ತಿಯೇ ನಿಂತಳು.

ತಿಂಗಳ ಕೊನೆಗೆ ಮಕ್ಕಳ ಸಂಸತ್ತು ಸೇರಿತು. ಅಪ್ಪ ಅಮ್ಮಂದಿರನ್ನೂ ಕರೆಯಲಾಗಿತ್ತು. ಮುಂದಿನ ಸಾಲಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ನಟರಾಜು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಿಸಿಯೂಟ ಮಾಡುವ ಚಿಕ್ಕಬೀರಮ್ಮ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದರು. ರಮ್ಯಾ ಅವರ ಮೊಮ್ಮಗಳು.

ರಮ್ಯಾ ಎದ್ದಳು. "ನನ್ನ ಪ್ರಶ್ನೆ ಹೆಡ್‌ಮಾಸ್ಟರಿಗೆ. ಧರ್ಮೇಂದ್ರ ಸರ್ ಯಾಕೆ ಬರ್ತಿಲ್ಲ?"

ಗುರುಮಲ್ಲಪ್ಪನವರು ಕೆಮ್ಮಿದರು. "ಅದು... ಅವರಿಗೆ ಕೆಲಸ ಅಂತೆ ಕಣಮ್ಮ."

"ಇಲ್ಲ ಸರ್. ನಿನ್ನೆ ನಾನು ಫೋನ್ ಮಾಡಿ ಕೇಳ್ದೆ. 'ನಂಗೂ ಬರ್ಬೇಕು ಅಂತ ಆಸೆ ಪುಟ್ಟಿ, ಆದ್ರೆ ಬರ್ಬೇಡ ಅಂದವ್ರೆ' ಅಂದ್ರು. ನಾವು ತೀರ್ಮಾನ ಮಾಡಿ ಕರ್ದೋರನ್ನ, ನಮ್ಮನ್ನ ಕೇಳ್ದೆ ಯಾರು ಕಳ್ಸಿದ್ದು?"

ಸುಧಾ ಗುರುಮಲ್ಲಪ್ಪನವರತ್ತ ತಿರುಗಿದಳು. 'ಬರ್ಬೇಡ ಅಂದವ್ರಾ? ಯಾರು?!'

ನಟರಾಜು ಕಾಲು ಇಳಿಸಿದ. "ನಾನೇ ಕಣವ್ವ ಏಳಿದ್ದು. ಮಿಸ್ಸೂ ಅವ್ನೂ ಬೈಕಲ್ಲಿ ಓಗಿದ್ದು ನೋಡಿ ಊರೋರೆಲ್ಲ ಆಡ್ಕೊತಾವ್ರೆ. ಮಿಸ್ಸಿನ ಎಸ್ರು ಕೆಡ್ತದೆ, ಮ್ಯಾಲೆ ದೂರು ಕೊಟ್ರೆ ವರ್ಗ ಆಯ್ತದೆ ಅಂದೆ. ಆ ಉಡ್ಗ ಒಂದು ಮಾತೂ ಆಡ್ದೆ ಒಂಟೋದ. ಮಿಸ್ಸಿಗೆ ಏಳ್ಬ್ಯಾಡಿ, ನೊಂದ್ಕೊತಾರೆ ಅಂದ."

ಸುಧಾ ಕಣ್ಣು ಮುಚ್ಚಿದಳು. 'ದಡ್ಡ! ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?'

ಮರುಕ್ಷಣ ಎದ್ದು ನಿಂತಳು.

"ಅಧ್ಯಕ್ಷರೇ, ನನ್ನ ಹೆಸರು ಕಾಪಾಡ್ಕೊಳ್ಳೋಕೆ ನನಗೆ ಬರುತ್ತೆ. ಬಸ್ಸಿಲ್ಲದ ಸಂಜೆ ಒಬ್ಬರು ಮನೆ ಮುಟ್ಟಿಸಿದ್ರೆ ಕೆಡೋ ಹೆಸರಲ್ಲ ಅದು. ಆಡ್ಕೊಳ್ಳೋರ ಮಾತಿಗೆ ಹೆದರಿ ನಾವೇ ಬಾಯಿ ಮುಚ್ಕೊಂಡ್ರೆ, ಎದ್ದು ಮಾತಾಡು ಅಂತ ಈ ಹುಡುಗೀರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಧರ್ಮೇಂದ್ರ ಅವರ ಮೇಲೆ ನನಗೆ ಮನಸ್ಸಿದ್ರೆ, ಅದನ್ನ ಅವರಿಗೇ ಹೇಳ್ತೀನಿ. ಊರಿಗಲ್ಲ."

"ಸರ್ಯಾಗಿ ಏಳಿದ್ರಿ ಕಣವ್ವ!" ಚಿಕ್ಕಬೀರಮ್ಮನ ದನಿ ಬಾಗಿಲಿಂದ ಮೊಳಗಿತು. "ಲೋ ನಟ್ರಾಜ, ನಮ್ಮ ಐಕ್ಳು ಕಪ್ಪು ತಂದಾಗ ಸಿಳ್ಳೆ ಒಡ್ದೋನು ನೀನೇ ಅಲ್ವೇನ್ಲಾ? ಆಡ್ಕೊಳೋರು ಆಡ್ಕೊಳ್ಲಿ ಬುಡು!"

ರಮ್ಯಾ ಗಂಭೀರವಾಗಿ ಕೇಳಿದಳು, "ಸರ್ ವಾಪಸ್ ಬರ್ಬೇಕು ಅನ್ನೋರು ಕೈ ಎತ್ತಿ."

ಕೈಗಳ ಕಾಡೇ ಎದ್ದಿತು. ಹಿಂದೆ ಕೂತ ತಾಯಂದಿರ ಕೈಗಳೂ. ಕೊನೆಗೆ ತಲೆ ಕೆರೆದುಕೊಳ್ಳುತ್ತ ನಟರಾಜನೂ ಕೈ ಎತ್ತಿದ.

ಆ ಮಧ್ಯಾಹ್ನ ಸುಧಾ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ನೇರ ಅವನ ಅಂಗಡಿಗೆ ನಡೆದಳು. ಜೋಳದ ಬೀಜದ ಚೀಲ ಇಳಿಸುತ್ತಿದ್ದ ಧರ್ಮೇಂದ್ರ ಅವಳನ್ನು ಕಂಡು ಹಾಗೇ ನಿಂತುಬಿಟ್ಟ.

"ಮಿಸ್... ನೀವು ಇಲ್ಲಿ? ಯಾರಾದ್ರೂ ನೋಡಿದ್ರೆ..."

"ನೋಡ್ಲಿ ಅಂತಾನೇ ಹಗಲಲ್ಲಿ ಬಂದಿದ್ದೀನಿ. ನನಗೋಸ್ಕರ ದೂರ ಹೋದ್ರಂತೆ. ನನ್ನನ್ನ ಕೇಳಿದ್ರಾ?"

ಅವನು ತಲೆ ತಗ್ಗಿಸಿದ. "ನೀವು ಆ ಶಾಲೆಗೆ ಎಷ್ಟು ಮಾಡಿದ್ದೀರಿ... ನನ್ನಿಂದ ನಿಮಗೆ ವರ್ಗ ಆಗ್ಬಾರ್ದು ಅಂತ..."

"ವರ್ಗ ಆದ್ರೆ ಇನ್ನೊಂದು ಶಾಲೇಲಿ ಇನ್ನೊಂದು ಸಂಸತ್ತು ಕಟ್ತೀನಿ. ನಿಮ್ಮಂಥೋರನ್ನ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ ಧರ್ಮೇಂದ್ರ?"

ಅವನು ಥಟ್ಟನೆ ತಲೆಯೆತ್ತಿದ. ಕಣ್ಣಂಚು ಒದ್ದೆಯಾಗಿತ್ತು.

"ನನಗೆ ನೀವು ಬೇಕು," ಎಂದಳು ಸುಧಾ, ನೇರವಾಗಿ. "ಶನಿವಾರ ಮಾತ್ರ ಅಲ್ಲ. ಈಗ ನಿಮ್ಮ ಮಾತು ಹೇಳಿ. ನನ್ನ ಒಳ್ಳೇದು, ಊರಿನ ಒಳ್ಳೇದು ಅಂತ ಏನೂ ಬೇಡ. ನಿಮ್ಮ ಮನಸ್ಸಲ್ಲಿರೋದು ಹೇಳಿ."

ಧರ್ಮೇಂದ್ರ ಕೈಗೆ ಮೆತ್ತಿದ್ದ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಆ ಮೈದಾನದಲ್ಲಿ ಬೈಸ್ಕೊಂಡ ದಿನದಿಂದ ನಿಮ್ಮನ್ನ ಬಿಟ್ಟು ಬೇರೇನೂ ಇಲ್ಲ ಕಣ್ರೀ ನನ್ನ ಮನಸ್ಸಲ್ಲಿ! ನಾಳೇನೇ ನಮ್ಮವ್ವನ್ನ ಕರ್ಕೊಂಡು ಕಟ್ಟೆಮಳಲವಾಡಿಗೆ ಬರ್ಲಾ? ನಿಮ್ಮಪ್ಪ ಏನಂತಾರೋ..."

"ಇವತ್ತೇ ಊರಿಗೆ ಹೋಗಿ ಅಪ್ಪನ ಹತ್ರ ನಾನು ಮಾತಾಡ್ತೀನಿ. ನೀವು ಹೊಟ್ಟೆ ಖಾಲಿ ಇಟ್ಕೊಂಡು ಬನ್ನಿ, ನಮ್ಮವ್ವ ಉಪ್ಸಾರು-ಮುದ್ದೆ ಮಾಡಿರ್ತಾಳೆ."

ಹೊರಗೆ ಕಂಡಕ್ಟರ್ ಕೂಗುತ್ತಿದ್ದ, "ಹುಣಸೂರು, ಹುಣಸೂರು!"

"ನಿಮ್ಮೂರ ಕಡೆ ಬಸ್ಸು ಹೊರಡ್ತಿದೆ," ಎಂದ ಧರ್ಮೇಂದ್ರ ಮೆಲ್ಲಗೆ.

ಸುಧಾ ಬೀಜದ ಚೀಲದ ಮೇಲೆ ನೆಮ್ಮದಿಯಾಗಿ ಕೂತಳು. "ಹೋಗ್ಲಿ ಬಿಡಿ. ಟೀ ಹೇಳಿ, ಇಬ್ಬರಿಗೂ."